ಎರಡು ಮೀಟರಿನ ಹಗ್ಗ

ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದಾಗ, ಮೇ ತಿಂಗಳ ಒಂದು ಮುಂಜಾನೆ ಅವಳ ನಾಯಿಯೊಡನೆ ಡರ್ಬಿಶೈರಿನ ಈಡೇಲ್ ಎಂಬ ಹಳ್ಳಿಯಿಂದ ಕಿಂಡರ್ ಸ್ಕೌಟ್ ಗುಡ್ಡಕ್ಕೆ ಹೊರಟೆವು. ಜೇಕಬ್ಸ್ ಲ್ಯಾಡರ್ ಎಂಬ ಕಲ್ಲುಹಾದಿಯನ್ನೇರಿ, ಗುಡ್ಡದ ಅಂಚು ಹಿಡಿದು ನಡೆದು, ಗ್ರಿಂಡ್ಸ್‌ಬ್ರೂಕ್ ತೊರೆಯ ಕಣಿವೆಯಲ್ಲಿಳಿದರೆ ಮತ್ತೆ ಅದೇ ಹಳ್ಳಿ. ಹೊರಟಲ್ಲಿಗೇ ಮರಳುವ ಈ ನಡಿಗೆ ನಮ್ಮ ಪ್ರದಕ್ಷಿಣೆಯನ್ನು ನೆನಪಿಗೆ ತಂದಿತು. ನಡುವೆ ಗುಡಿಯಿಲ್ಲ, ಅಷ್ಟೆ.

ಮೇಲಿನ ಬಯಲಿನಲ್ಲಿ ಕನಿಕರದಿಂದ ನಾಯಿಯ ಹಗ್ಗ ಬಿಚ್ಚಹೋದೆ. ಮಗಳು ತಡೆದಳು: "ಬೇಡಪ್ಪಾ, ಇಲ್ಲಿ ಹಕ್ಕಿಗಳು ನೆಲದ ಮೇಲೆಯೇ ಮೊಟ್ಟೆಯಿಡುತ್ತವೆ." ತಾಯಿಹಕ್ಕಿ ಬೆದರಿ ಎದ್ದುಹೋದರೆ ಮೊಟ್ಟೆಗಳು ತಣ್ಣಗಾಗುತ್ತವೆ, ಇಲ್ಲವೆ ಕಾಗೆಗಳ ಪಾಲಾಗುತ್ತವೆ. ಆದ್ದರಿಂದ ಮಾರ್ಚ್ 1ರಿಂದ ಜುಲೈ 31ರವರೆಗೆ ಇಂಥ ಬಯಲುಗಳಲ್ಲಿ ನಾಯಿಯ ಹಗ್ಗ 2 ಮೀಟರನ್ನು ಮೀರಕೂಡದು. ಕುರಿಗಳ ಬಳಿಯಲ್ಲಂತೂ ವರ್ಷವಿಡೀ ಇದೇ ನಿಯಮ.

ಈ ನಿಯಮವನ್ನು ವಿಧಿಸಿದ 2000ದ ಕಾಯಿದೆಯೇ ಅಲ್ಲಿ ಮನುಷ್ಯನಿಗೆ ಅಲೆಯುವ ಹಕ್ಕನ್ನೂ ಕೊಟ್ಟಿತೆಂಬುದು ಗಮನಾರ್ಹ. ಭೂಮಾಲಿಕರ ಬೇಟೆಗಾಗಿ ಮುಚ್ಚಿದ್ದ ಇದೇ ಗುಡ್ಡವನ್ನು 1932ರ ಏಪ್ರಿಲ್ 24ರಂದು ದುಡಿಯುವ ವರ್ಗದ ನೂರಾರು ತರುಣರು ಏರಿದ್ದರು. ಐವರು ಸೆರೆಮನೆ ಕಂಡರು. ಅಷ್ಟು ಕಷ್ಟದಿಂದ ದೊರೆತ ಹಕ್ಕು ಹಕ್ಕಿಯ ಗೂಡಿನ ಮುಂದೆ ತಾನಾಗಿಯೇ ತಗ್ಗಿ ನಿಂತಿದೆ.

ಹಗ್ಗವನ್ನು ಮತ್ತೆ ಕೈಗೆ ಸುತ್ತಿಕೊಂಡೆ. ನಾಯಿ ನನಗಿಂತ ಬೇಗ ಒಪ್ಪಿಕೊಂಡಿತು.