ನೆರೆಯವರ ಅಪಾಯಕಾರಿ ಮರ ನಮ್ಮ ಜಮೀನಿನ ಮೇಲೆ ಚಾಚಿದಾಗ: ರೈತರು ಅನುಸರಿಸಬೇಕಾದ ಕ್ರಮಗಳು

ಬದುವಿನ ಮರಗಳು ನಮ್ಮ ಕೃಷಿ ಪದ್ಧತಿಯ ಅವಿಭಾಜ್ಯ ಅಂಗ. ನೆರಳು, ಮೇವು, ಸೌದೆ, ಹಸಿರೆಲೆ ಗೊಬ್ಬರ ಹಾಗೂ ಫಸಲಿನ ರೂಪದಲ್ಲಿ ಅವು ರೈತ ಕುಟುಂಬಕ್ಕೆ ಆಸರೆಯಾಗಿವೆ. ಆದರೆ ಪಾಲು ವಿಭಾಗಗಳಿಂದ ಹಿಡುವಳಿಗಳು ಕಿರಿದಾದಂತೆ, ಒಬ್ಬರ ಮರದ ಕೊಂಬೆ ಮತ್ತೊಬ್ಬರ ಮನೆ, ಕೊಟ್ಟಿಗೆ, ಕಣ ಅಥವಾ ಪಂಪ್‌ಸೆಟ್ ಮನೆಯ ಮೇಲೆ ಚಾಚಿಕೊಳ್ಳುವುದು ಹೆಚ್ಚುತ್ತಿದೆ. ಏಪ್ರಿಲ್-ಮೇ ತಿಂಗಳುಗಳ ಗುಡುಗು ಸಹಿತ ಬಿರುಗಾಳಿ ಮಳೆಯಲ್ಲಿ ಇಂತಹ ಮರಗಳು ಉರುಳಿ ಜೀವಹಾನಿ, ಜಾನುವಾರು ಹಾನಿ ಸಂಭವಿಸುತ್ತವೆ. ಎಷ್ಟೋ ಪ್ರಸಂಗಗಳಲ್ಲಿ ಮರ ಉರುಳುವ ಮೊದಲೇ ನೆರೆಹೊರೆಯ ಸಂಬಂಧ ಮುರಿದುಬಿದ್ದಿರುತ್ತದೆ. ಈ ಎರಡೂ ನಷ್ಟಗಳನ್ನು ತಪ್ಪಿಸುವ ಕ್ರಮಗಳನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಒಂದು ಕ್ಷೇತ್ರ ಭೇಟಿಯ ಅನುಭವ

ಕೆಲವು ವರ್ಷಗಳ ಹಿಂದೆ ತಿಪಟೂರು ಸೀಮೆಯ ಒಂದು ಗ್ರಾಮಕ್ಕೆ ಸಹಾಯಕ ಕೃಷಿ ಅಧಿಕಾರಿಯೊಬ್ಬರ ಜೊತೆಗೆ ಭೇಟಿ ನೀಡಿದ್ದೆ. ದೊಡ್ಡಪ್ಪ-ಚಿಕ್ಕಪ್ಪನ ಮಕ್ಕಳಾದ ಇಬ್ಬರು ರೈತರ ತೋಟಗಳ ನಡುವೆ ಸುಮಾರು ನಲವತ್ತು ವರ್ಷದ ತೆಂಗಿನ ಮರವೊಂದಿತ್ತು. ಪಾಲು ಆಗುವ ಮೊದಲು ನೆಟ್ಟ ಮರ. ಪಾಲಾದ ಮೇಲೆ ಎಲ್ಲೆಯ ಗೆರೆ ಅದರ ಬುಡದಿಂದ ಮೂರು ಅಡಿ ದೂರದಲ್ಲಿ ಹಾದುಹೋಗಿತ್ತು. ಮರ ಅಣ್ಣನ ಪಾಲಿನದು. ವಾಲಿದ್ದು ತಮ್ಮನ ಕೊಟ್ಟಿಗೆಯ ಮೇಲೆ. ಹಿಂದಿನ ವರ್ಷದ ಗಾಳಿಗೆ ಕಾಯಿ ಸಹಿತ ಗೊನೆಯೊಂದು ಮುರಿದುಬಿದ್ದು, ಕೊಟ್ಟಿಗೆಯ ಶೀಟು ಒಡೆದು, ಕರುವಿನ ಕಾಲು ಮುರಿದಿತ್ತು. ಅಂದಿನಿಂದ ಎರಡು ಮನೆಗಳ ನಡುವೆ ಮಾತು ನಿಂತಿತ್ತು.

"ಫಸಲು ಕೊಡುವ ಮರವನ್ನು ಹೊಟ್ಟೆಕಿಚ್ಚಿಗೆ ಕಡಿಸಲು ನೋಡುತ್ತಿದ್ದಾನೆ" ಎಂಬುದು ಅಣ್ಣನ ದೂರು. ತಮ್ಮ ಹೆಚ್ಚು ಮಾತನಾಡಲಿಲ್ಲ. "ಅಣ್ಣಾ, ಒಂದು ಸಲ ಈ ಕಡೆಯಿಂದ ಬಂದು ನೋಡು" ಎಂದಷ್ಟೇ ಹೇಳಿದರು. ಕೊಟ್ಟಿಗೆಯ ಹಿಂಬದಿಯಿಂದ ನೋಡಿದಾಗ ಕಾಂಡದ ಬುಡದಲ್ಲಿ ಎರಡು ಅಡಿ ಎತ್ತರದವರೆಗೆ ಕೆಂಪು ಮಿಶ್ರಿತ ಕಂದು ಬಣ್ಣದ ಅಂಟು ದ್ರವ ಒಸರಿ ಒಣಗಿತ್ತು. ಅದು ಅಣಬೆ ರೋಗದ ಸ್ಪಷ್ಟ ಲಕ್ಷಣ. ಅಣ್ಣ ಪ್ರತಿದಿನ ತೋಟಕ್ಕೆ ಬರುತ್ತಿದ್ದರೂ ಆ ಬದಿಯನ್ನು ನೋಡಿರಲೇ ಇಲ್ಲ, ಏಕೆಂದರೆ ಅದು ತಮ್ಮನ ಜಮೀನಿನ ಕಡೆಗಿತ್ತು.

ಈ ವಿಷಯದಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿ ಇದೇ. ಮರದ ಅಪಾಯದ ಮುಖ ಬಹುತೇಕ ಅದರ ಮಾಲೀಕರಿಗೆ ಕಾಣುವುದಿಲ್ಲ, ನೆರೆಯವರಿಗೆ ಕಾಣುತ್ತದೆ. ಆದುದರಿಂದ ದೂರು ಕೊಡುವ ಮೊದಲು ಮಾಲೀಕರನ್ನು ಕರೆದು ತೋರಿಸುವುದೇ ಪ್ರಥಮ ಕ್ರಮವಾಗಬೇಕು.

ಅಪಾಯವನ್ನು ಗುರುತಿಸುವುದು ಹೇಗೆ?

ಎಲ್ಲೆ ದಾಟಿದ ಪ್ರತಿಯೊಂದು ಕೊಂಬೆಯೂ ಅಪಾಯಕಾರಿಯಲ್ಲ. ನೆರಳಿನಿಂದ ಇಳುವರಿ ಕುಂಠಿತವಾಗುವುದು ಬೇರೆ, ಮರ ಬಿದ್ದು ಪ್ರಾಣಾಪಾಯವಾಗುವುದು ಬೇರೆ. ಇವೆರಡನ್ನೂ ಬೆರೆಸಿದರೆ ನಮ್ಮ ಮಾತಿಗೆ ತೂಕವಿರುವುದಿಲ್ಲ. ಕೆಳಗಿನ ಲಕ್ಷಣಗಳು ಕಂಡುಬಂದಲ್ಲಿ ಮಾತ್ರ ಮರವನ್ನು ಅಪಾಯಕಾರಿ ಎಂದು ಪರಿಗಣಿಸಬೇಕು.

1. ಹೊಸದಾಗಿ ವಾಲಿರುವುದು: ಎಳೆಯದರಿಂದಲೇ ಬಾಗಿ ಬೆಳೆದು, ತುದಿ ಮತ್ತೆ ನೆಟ್ಟಗಾಗಿರುವ ಮರ ಸಾಮಾನ್ಯವಾಗಿ ಭದ್ರವಾಗಿರುತ್ತದೆ. ಆದರೆ ಇತ್ತೀಚೆಗೆ ವಾಲಿದ್ದು, ವಾಲಿದ ದಿಕ್ಕಿನ ಹಿಂಬದಿಯಲ್ಲಿ ಮಣ್ಣು ಉಬ್ಬಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಬೇರಿನ ಹಿಡಿತ ಸಡಿಲಗೊಂಡಿದೆ ಎಂದರ್ಥ. ಇದು ತುರ್ತು ಸ್ಥಿತಿ.

2. ಪೊಟರೆ ಮತ್ತು ಟೊಳ್ಳು: ಮರದ ಸುತ್ತಿಗೆಯಿಂದ ಕಾಂಡವನ್ನು ಸುತ್ತಲೂ ತಟ್ಟಿದಾಗ ಟೊಳ್ಳು ಶಬ್ದ ಬರುವ ಭಾಗವನ್ನು ಗುರುತಿಸಬೇಕು. ಟೊಳ್ಳಿನ ಸುತ್ತಲಿನ ಗಟ್ಟಿ ಕಟ್ಟಿಗೆಯ ದಪ್ಪ ಕಾಂಡದ ತ್ರಿಜ್ಯದ ಮೂರನೆಯ ಒಂದು ಭಾಗಕ್ಕಿಂತ ಕಡಿಮೆಯಿದ್ದರೆ ಮರ ಮುರಿಯುವ ಸಂಭವ ಹೆಚ್ಚು.

3. ಒಣಕೊಂಬೆಗಳು ಮತ್ತು ಸೀಳು: ಎರಡು ದಪ್ಪ ಕವಲುಗಳು ಕೂಡುವಲ್ಲಿ ಸೀಳು ಬಿಟ್ಟಿರುವುದು, ತೊಗಟೆ ಕಳಚಿದ ಒಣಕೊಂಬೆಗಳು ನೇತಾಡುವುದು.

4. ಬುಡದಲ್ಲಿ ಅಣಬೆ: ಬುಡದ ಸುತ್ತ ಗಟ್ಟಿಯಾದ ಅಣಬೆಗಳು ಮೂಡಿದ್ದರೆ ಒಳಗೆ ಕೊಳೆತಿರುವ ಸೂಚನೆ.

5. ತೆಂಗಿನಲ್ಲಿ ವಿಶೇಷ ಲಕ್ಷಣಗಳು: ಬುಡದಲ್ಲಿ ಅಂಟು ಒಸರುವುದು ಮತ್ತು ಕೆಳಗರಿಗಳು ಜೋತುಬೀಳುವುದು ಅಣಬೆ ರೋಗವನ್ನು ಸೂಚಿಸುತ್ತವೆ. ಕಾಂಡದಲ್ಲಿ ರಂಧ್ರಗಳಿದ್ದು ಜಗಿದ ನಾರು ಹೊರಬರುತ್ತಿದ್ದರೆ ಕೆಂಪು ಮೂತಿ ಹುಳುವಿನ ಬಾಧೆ.

ತೆಂಗಿನ ಕಾಯಿಯೂ ಲಘುವಾಗಿ ಪರಿಗಣಿಸುವ ವಸ್ತುವಲ್ಲ. ಹದಿನೈದು ಮೀಟರ್ ಎತ್ತರದಿಂದ ಬೀಳುವ ಕಾಯಿ ನೆಲ ಮುಟ್ಟುವಾಗ ಗಂಟೆಗೆ ಸುಮಾರು 60 ಕಿ.ಮೀ. ವೇಗದಲ್ಲಿರುತ್ತದೆ. ಮಕ್ಕಳು ಆಡುವ ಅಂಗಳ, ದನ ಕಟ್ಟುವ ಸ್ಥಳ ಅದರ ಕೆಳಗಿದ್ದರೆ, ಮರ ಆರೋಗ್ಯವಾಗಿದ್ದರೂ ಮುಂಜಾಗ್ರತೆ ಅಗತ್ಯ.

ಮರ ಯಾರದು ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ

ಕಾಂಡ ಯಾರ ನೆಲದಲ್ಲಿದೆಯೋ ಮರ ಅವರದು. ಕೊಂಬೆ ಎಲ್ಲಿಗೆ ಚಾಚಿದೆ, ಬೇರು ಎಲ್ಲಿಗೆ ಹರಿದಿದೆ ಎಂಬುದು ಒಡೆತನವನ್ನು ನಿರ್ಧರಿಸುವುದಿಲ್ಲ. ಎಲ್ಲೆಕಲ್ಲು ಕಿತ್ತುಹೋಗಿದ್ದರೆ ಅಥವಾ ಬದು ಸವೆದು ಸರಿದಿದ್ದರೆ ಊಹೆಯಿಂದ ವಾದಿಸಬಾರದು. ಭೂಮಾಪನ ಇಲಾಖೆಗೆ ಹದ್ದುಬಸ್ತು ಅರ್ಜಿ ಸಲ್ಲಿಸಿ ಗಡಿ ಗುರುತಿಸಿಕೊಳ್ಳಬೇಕು. ಮರ ಎಲ್ಲೆಯ ಗೆರೆಯ ಮೇಲೆಯೇ ಇದ್ದರೆ ಇಬ್ಬರ ಒಪ್ಪಿಗೆಯಿಲ್ಲದೆ ಕಡಿಯಬಾರದು. ಮರವಿರುವುದು ಖರಾಬು ಜಮೀನು, ರಸ್ತೆ ಬದಿ ಅಥವಾ ಹಳ್ಳದ ಅಂಚಿನಲ್ಲಾದರೆ ಅದು ನೆರೆಯವರದೂ ಅಲ್ಲ, ನಮ್ಮದೂ ಅಲ್ಲ. ಅಂತಹ ಮರದ ವಿಷಯವನ್ನು ಅರಣ್ಯ ಇಲಾಖೆ ಅಥವಾ ಗ್ರಾಮ ಪಂಚಾಯಿತಿಗೆ ತಿಳಿಸಬೇಕು.

ಕಾನೂನು ಏನು ಹೇಳುತ್ತದೆ?

ನಮ್ಮ ಜಮೀನಿನ ಮೇಲೆ ಚಾಚಿದ ಕೊಂಬೆಯನ್ನು, ನಮ್ಮ ನೆಲದಲ್ಲಿಯೇ ನಿಂತು, ಎಲ್ಲೆಯವರೆಗೆ ಮಾತ್ರ ಕತ್ತರಿಸುವ ಹಕ್ಕನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಒಪ್ಪಿವೆ. ಆದರೆ ಈ ಹಕ್ಕಿಗೆ ಮಿತಿಗಳಿವೆ. ನೆರೆಯವರ ಜಮೀನಿಗೆ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ. ಮರ ಸಾಯುವಂತೆ ಕತ್ತರಿಸುವಂತಿಲ್ಲ. ಕತ್ತರಿಸಿದ ಸೌದೆ, ಕಾಯಿ, ಹಣ್ಣು ಮರದ ಮಾಲೀಕರಿಗೇ ಸೇರುತ್ತವೆ.

ಇದರೊಂದಿಗೆ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976 ಅನ್ವಯಿಸುತ್ತದೆ. ಅದರಲ್ಲಿ ಮರ ಕಡಿಯುವುದು ಎಂಬುದರ ಅರ್ಥ ವಿಶಾಲವಾಗಿದ್ದು, ಮರಕ್ಕೆ ಹಾನಿಯುಂಟುಮಾಡುವುದೂ ಅದರಲ್ಲಿ ಸೇರುತ್ತದೆ. ತೆಂಗು, ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್ ಮುಂತಾದ ಕೆಲವು ಜಾತಿಗಳಿಗೆ ಪೂರ್ವಾನುಮತಿಯಿಂದ ವಿನಾಯಿತಿಯಿದೆ. ಇತರ ಜಾತಿಗಳಿಗೆ ವೃಕ್ಷಾಧಿಕಾರಿಯ ಅನುಮತಿ ಪಡೆಯಬೇಕು. ಮರ ಸತ್ತಿರುವುದು, ರೋಗಗ್ರಸ್ತವಾಗಿರುವುದು, ಜೀವ ಅಥವಾ ಆಸ್ತಿಗೆ ಅಪಾಯಕಾರಿಯಾಗಿರುವುದು ಅನುಮತಿ ನೀಡಲು ಅಧಿನಿಯಮದಲ್ಲಿಯೇ ಹೇಳಿರುವ ಕಾರಣಗಳು. ಶ್ರೀಗಂಧ, ತೇಗ, ಬೀಟೆಯಂತಹ ಮರಗಳಾದರೆ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸದೆ ಒಂದು ಕೊಂಬೆಯನ್ನೂ ಮುಟ್ಟಬಾರದು.

ಮಾಲೀಕರು ಯಾವುದಕ್ಕೂ ಒಪ್ಪದಿದ್ದಾಗ, ಬೀಳುವ ಸ್ಥಿತಿಯಲ್ಲಿರುವ ಮರವನ್ನು ತೆರವುಗೊಳಿಸಲು ಅಥವಾ ಆಧಾರ ಕೊಡಿಸಲು ಆದೇಶಿಸುವ ಅಧಿಕಾರ ಕಾರ್ಯನಿರ್ವಾಹಕ ದಂಡಾಧಿಕಾರಿಗಳಿಗಿದೆ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮಿನಲ್ಲಿದ್ದ ಈ ಅವಕಾಶ, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ 152ನೇ ಕಲಮಿನಲ್ಲಿದೆ. ಅರ್ಜಿಯನ್ನು ಉಪವಿಭಾಗಾಧಿಕಾರಿಗಳ ಕಚೇರಿಗೆ ಸಲ್ಲಿಸಬಹುದು.

ಅನುಸರಿಸಬೇಕಾದ ಹಂತಗಳು

ಮೊದಲ ಹಂತ – ತೋರಿಸುವುದು: ಮಾಲೀಕರನ್ನು ನಮ್ಮ ಬದಿಗೆ ಕರೆದು ಲಕ್ಷಣಗಳನ್ನು ತೋರಿಸಬೇಕು. ಊರಿನ ಹಿರಿಯರೊಬ್ಬರು ಅಥವಾ ಕೃಷಿ, ತೋಟಗಾರಿಕೆ ಇಲಾಖೆಯ ಸಿಬ್ಬಂದಿ ಜೊತೆಗಿದ್ದರೆ ಮಾತು ಜಗಳಕ್ಕೆ ತಿರುಗುವುದಿಲ್ಲ. ದಿನಾಂಕ ಸಹಿತ ಛಾಯಾಚಿತ್ರಗಳನ್ನು ತೆಗೆದಿಟ್ಟುಕೊಳ್ಳಬೇಕು.

ಎರಡನೇ ಹಂತ – ಬರೆದು ಕೊಡುವುದು: ಮಾತಿನಿಂದ ಬಗೆಹರಿಯದಿದ್ದಲ್ಲಿ ಸರ್ವೆ ನಂಬರು, ಮರದ ಜಾತಿ, ಕಂಡ ಲಕ್ಷಣ, ಅಪಾಯದಲ್ಲಿರುವ ಕಟ್ಟಡ ಇವುಗಳನ್ನು ನಮೂದಿಸಿ ಸೌಜನ್ಯದ ಪತ್ರ ಬರೆದು, ಸ್ವೀಕೃತಿ ಸಿಗುವಂತೆ ಅಂಚೆಯಲ್ಲಿ ಕಳುಹಿಸಬೇಕು. ಪ್ರತಿಯನ್ನು ಗ್ರಾಮ ಪಂಚಾಯಿತಿಗೆ ಕೊಡಬೇಕು. ಅಪಾಯ ತಿಳಿದೂ ಸುಮ್ಮನಿದ್ದ ಮಾಲೀಕರು ಮುಂದಾಗುವ ಹಾನಿಗೆ ಹೊಣೆಗಾರರಾಗಬೇಕಾಗುತ್ತದೆ. ಅಪಾಯ ಅವರಿಗೆ ತಿಳಿದಿತ್ತು ಎಂಬುದಕ್ಕೆ ಈ ಪತ್ರವೇ ಆಧಾರ.

ಮೂರನೇ ಹಂತ – ಮಧ್ಯಸ್ಥಿಕೆ: ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಸಲ್ಲಿಸಿದರೆ ಮೊಕದ್ದಮೆ ಹೂಡುವ ಮೊದಲೇ ರಾಜಿ ಸಂಧಾನಕ್ಕೆ ಅವಕಾಶವಿದೆ.

ನಾಲ್ಕನೇ ಹಂತ – ಅಧಿಕಾರಿಗಳ ಮೊರೆ: ಮೇಲಿನವು ಫಲಿಸದಿದ್ದಾಗ ಮಾತ್ರ ಉಪವಿಭಾಗಾಧಿಕಾರಿಗಳಿಗೆ ಅಥವಾ ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕು. ಆದರೆ ಮರ ಇಂದೋ ನಾಳೆಯೋ ಬೀಳುವಂತಿದ್ದರೆ ಹಂತಗಳಿಗಾಗಿ ಕಾಯದೆ, ಅದರ ಕೆಳಗಿನಿಂದ ಜನ-ಜಾನುವಾರುಗಳನ್ನು ಸ್ಥಳಾಂತರಿಸಿ, ತಹಶೀಲ್ದಾರರಿಗೆ ಕೂಡಲೇ ತಿಳಿಸಬೇಕು.

ಕತ್ತರಿಸುವಾಗ ವಹಿಸಬೇಕಾದ ಎಚ್ಚರ

ದಪ್ಪ ಕೊಂಬೆಯನ್ನು ಒಂದೇ ಏಟಿಗೆ ಕತ್ತರಿಸಿದರೆ ಅದು ತೊಗಟೆಯನ್ನು ಸೀಳಿಕೊಂಡು ಬೀಳುತ್ತದೆ. ಮೊದಲು ಕಾಂಡದಿಂದ ಒಂದು ಅಡಿಗೂ ಹೆಚ್ಚು ದೂರದಲ್ಲಿ ಕೆಳಗಿನಿಂದ ಮೂರನೆಯ ಒಂದು ಭಾಗ ಕೊಯ್ಯಬೇಕು. ನಂತರ ಅದಕ್ಕಿಂತ ಸ್ವಲ್ಪ ಮುಂದೆ ಮೇಲಿನಿಂದ ಕೊಯ್ದು ಕೊಂಬೆಯನ್ನು ಬೀಳಿಸಬೇಕು. ಕೊನೆಗೆ ಉಳಿದ ಮೋಟನ್ನು, ಕೊಂಬೆಯ ಬುಡದ ಉಬ್ಬಿಗೆ ಗಾಯವಾಗದಂತೆ, ಅದರ ಹೊರಗೆ ತೆಗೆಯಬೇಕು. ಗಾಯಕ್ಕೆ ಶೇ. 10ರ ಬೋರ್ಡೊ ಮುಲಾಮು (ಒಂದು ಲೀಟರ್ ನೀರಿಗೆ 100 ಗ್ರಾಂ ಮೈಲುತುತ್ತ ಮತ್ತು 100 ಗ್ರಾಂ ಸುಣ್ಣ) ಲೇಪಿಸಬಹುದು. ಈ ಕೊನೆಯ ಕೊಯ್ತಕ್ಕೆ ಕಾಂಡದ ಬಳಿ ಹೋಗಬೇಕಾದುದರಿಂದ ಮಾಲೀಕರ ಸಹಕಾರ ಬೇಕೇ ಬೇಕು. ಒಂದೇ ಬಾರಿಗೆ ಮರದ ಹಸಿರಿನ ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು.

ತೆಂಗಿಗೆ ಈ ವಿಧಾನ ಅನ್ವಯಿಸುವುದಿಲ್ಲ. ಅದಕ್ಕೆ ಇರುವುದು ಒಂದೇ ಸುಳಿ. ಸುಳಿ ಕತ್ತರಿಸಿದರೆ ಮರ ಸಾಯುತ್ತದೆ. ಹಸಿರು ಗರಿಗಳನ್ನು ಕಡಿದರೆ ಇಳುವರಿ ಕುಸಿಯುತ್ತದೆ. ಆರೋಗ್ಯವಂತ ಮರವಾದರೆ 45 ದಿನಗಳಿಗೊಮ್ಮೆ ಕಾಯಿ ಇಳಿಸುವುದು, ಒಣಗರಿಗಳನ್ನು ತೆಗೆಯುವುದು, ಕೊಟ್ಟಿಗೆಯ ಮೇಲೆ ಬಲವಾದ ಬಲೆ ಕಟ್ಟುವುದು ಸಾಕಾಗುತ್ತದೆ.

ಬೆಳೆಗೆ ಬೇರಿನ ಪೈಪೋಟಿ ತಪ್ಪಿಸಲು ಬದುವಿನ ಪಕ್ಕ ಕಂದಕ ತೆಗೆಯುವ ರೂಢಿಯಿದೆ. ದೊಡ್ಡ ಮರದ ಬುಡಕ್ಕೆ ಹತ್ತಿರವಾಗಿ ತೆಗೆದ ಕಂದಕ ಆಧಾರ ಬೇರುಗಳನ್ನೇ ಕತ್ತರಿಸುತ್ತದೆ. ಆಗ ನಾವೇ ನೆರೆಯವರ ಮರವನ್ನು ಅಪಾಯಕಾರಿ ಮಾಡಿದಂತಾಗುತ್ತದೆ. ರಾತ್ರೋರಾತ್ರಿ ತೊಗಟೆ ಸುಲಿಯುವುದು, ಬುಡಕ್ಕೆ ಆಮ್ಲ ಅಥವಾ ಕಳೆನಾಶಕ ಸುರಿಯುವುದು ಅಪರಾಧವಷ್ಟೇ ಅಲ್ಲ, ಅವಿವೇಕವೂ ಹೌದು. ಸತ್ತ ಮರದ ಒಣಕೊಂಬೆಗಳು ಬೀಳುವುದು ನಮ್ಮ ಮಾಡಿನ ಮೇಲೆಯೇ.

ವಿದ್ಯುತ್ ತಂತಿಗೆ ತಾಗುವ ಅಥವಾ ಅದರ ಸಮೀಪವಿರುವ ಕೊಂಬೆಗಳನ್ನು ಸ್ವತಃ ಕತ್ತರಿಸಲೇಬಾರದು. ಲೋಹದ ಏಣಿ ಮತ್ತು ದೋಟಿಗಳನ್ನು ತಂತಿಯ ಹತ್ತಿರ ಒಯ್ಯಬಾರದು. 1912 ಸಹಾಯವಾಣಿಗೆ ಕರೆ ಮಾಡಿ, ವಿದ್ಯುತ್ ಸರಬರಾಜು ನಿಲ್ಲಿಸಿದ ನಂತರ ಇಲಾಖೆಯ ಸಿಬ್ಬಂದಿಯಿಂದಲೇ ಕೆಲಸ ಮಾಡಿಸಬೇಕು. ಮರ ಉರುಳಿಸುವಾಗ ಅದರ ಎತ್ತರದ ಎರಡರಷ್ಟು ದೂರದೊಳಗೆ ಕೆಲಸಗಾರರ ಹೊರತು ಯಾರೂ ಇರಬಾರದು.

ಮುಂದಿನ ಪೀಳಿಗೆಗೆ ತೊಂದರೆಯಾಗದಂತೆ

ಹೊಸದಾಗಿ ಮರ ನೆಡುವವರು ಎಲ್ಲೆಯಿಂದ ಅಂತರ ಕಾಯ್ದುಕೊಂಡರೆ ಈ ವಿವಾದವೇ ಹುಟ್ಟುವುದಿಲ್ಲ. ತೆಂಗಿನ ಸಾಲುಗಳ ನಡುವೆ ಸುಮಾರು 9 ಮೀಟರ್ ಬಿಡುವಂತೆ, ಎಲ್ಲೆಯಿಂದ ಅದರ ಅರ್ಧದಷ್ಟಾದರೂ ಒಳಗೆ ನೆಡಬೇಕು. ದೊಡ್ಡದಾಗಿ ಹರಡುವ ಮರಗಳಿಗೆ ಇನ್ನೂ ಹೆಚ್ಚಿನ ಅಂತರ ಬೇಕು. ಪ್ರತಿ ವರ್ಷ ಮಾಘ-ಫಾಲ್ಗುಣದಲ್ಲಿ, ಬಿರುಗಾಳಿ ಮಳೆಗೆ ಮೊದಲೇ, ಎರಡೂ ಬದಿಯ ರೈತರು ಒಟ್ಟಿಗೆ ಬದುವಿನ ಉದ್ದಕ್ಕೂ ಒಮ್ಮೆ ನಡೆದು ಮರಗಳನ್ನು ಪರಿಶೀಲಿಸುವುದು ಉತ್ತಮ. ವಿಸ್ತರಣಾ ಕಾರ್ಯಕರ್ತರು ಇದನ್ನು ಗ್ರಾಮಮಟ್ಟದ ಸಭೆಗಳಲ್ಲಿ ರೂಢಿಗೆ ತರಬಹುದು.

ಮೊದಲು ಹೇಳಿದ ತೆಂಗಿನ ಮರದ ವಿಷಯಕ್ಕೆ ಬಂದರೆ, ಅಣಬೆ ರೋಗ ಬೇರು ಮತ್ತು ಮಣ್ಣಿನ ಮೂಲಕ ಹರಡುವುದರಿಂದ ಅಕ್ಕಪಕ್ಕದ ಆರೋಗ್ಯವಂತ ಮರಗಳಿಗೂ ಅಪಾಯವಿತ್ತು. ಅವುಗಳಲ್ಲಿ ಅಣ್ಣನವೂ ಇದ್ದವು, ತಮ್ಮನವೂ ಇದ್ದವು. ಇದು ಅರ್ಥವಾದ ಮೇಲೆ ಅಣ್ಣ ತಡಮಾಡಲಿಲ್ಲ. ಯುಗಾದಿಗೆ ಮೊದಲೇ ಮರವನ್ನು ಹಗ್ಗ ಕಟ್ಟಿ ತುಂಡುತುಂಡಾಗಿ ಇಳಿಸಲಾಯಿತು. ಬುಡವನ್ನು ಬೇರು ಸಹಿತ ಅಗೆದು ಸುಡಲಾಯಿತು. ಕೊಳೆಯಲು ಬಿಟ್ಟರೆ ಕುರುವಾಯಿ ದುಂಬಿಗಳ ತವರಾಗುತ್ತದೆಂದು ಕಾಂಡವನ್ನೂ ಸ್ಥಳದಿಂದ ಸಾಗಿಸಲಾಯಿತು. ಕಡಿಯುವವರ ಕೂಲಿಯನ್ನು ಅಣ್ಣ ಕೊಟ್ಟರು. ಸಾಗಿಸಲು ಟ್ರ್ಯಾಕ್ಟರ್ ತಮ್ಮನದು. ಆ ಮಧ್ಯಾಹ್ನ ಕೆಲಸದವರಿಗೂ ನಮಗೂ ಊಟ ಬಡಿಸಿದ್ದು ತಮ್ಮನ ಮನೆಯಲ್ಲಿ. ಅಣ್ಣನೂ ಪಂಕ್ತಿಯಲ್ಲಿದ್ದರು.

ಮರದ ರೋಗಲಕ್ಷಣಗಳ ಬಗ್ಗೆ ಸಂದೇಹವಿದ್ದಲ್ಲಿ ಸಮೀಪದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರವನ್ನೂ, ಅನುಮತಿಯ ವಿಷಯದಲ್ಲಿ ವಲಯ ಅರಣ್ಯಾಧಿಕಾರಿಗಳ ಕಚೇರಿಯನ್ನೂ ಸಂಪರ್ಕಿಸಿ ಮುಂದುವರಿಯಲು ರೈತ ಬಾಂಧವರಿಗೆ ಸಲಹೆ ನೀಡಲಾಗಿದೆ.