ಸಾಲ ಕೊಟ್ಟ ಸೇನಾಪತಿ

ವಿಜಯದ ಚಿತ್ರಪಟಗಳಲ್ಲಿ ಗೆದ್ದವನು ಕುದುರೆಯ ಮೇಲಿರುತ್ತಾನೆ. ಸೋತವನು ಅದರ ಗೊರಸಿನ ಬಳಿ. ಆದರೆ ಸ್ಪೇನಿನ ಚಿತ್ರಕಾರ ವೆಲಾಸ್ಕೆಸ್ ಬರೆದ ‘ಬ್ರೇಡಾದ ಶರಣಾಗತಿ’ಯ ಅಚ್ಚುಪ್ರತಿಯನ್ನು ಹಳೆಯ ಪುಸ್ತಕವೊಂದರಲ್ಲಿ ಮೊದಲು ಕಂಡಾಗ, ಗೆದ್ದವನಾರೆಂಬುದೇ ನನಗೆ ಕ್ಷಣಕಾಲ ತಿಳಿಯಲಿಲ್ಲ. ಇಬ್ಬರೂ ನೆಲದ ಮೇಲೆ ನಿಂತಿದ್ದಾರೆ. ಒಬ್ಬನು ಊರಿನ ಬೀಗದ ಕೈ ನೀಡುತ್ತ ಬಾಗುತ್ತಿದ್ದಾನೆ. ಮತ್ತೊಬ್ಬನು ಅವನ ಹೆಗಲ ಮೇಲೆ ಕೈಯಿಟ್ಟು, ಮಂಡಿಯೂರದಂತೆ ತಡೆಯುತ್ತಿದ್ದಾನೆ. ತಡೆಯುತ್ತಿರುವವನೇ ಗೆದ್ದವನು, ಆಂಬ್ರೋಜಿಯೊ ಸ್ಪಿನೋಲ. ಸ್ಪೇನಿನ ಸೇನಾಪತಿ, ಆದರೆ ಸ್ಪೇನಿನವನಲ್ಲ.

ಆತನು 1569ರಲ್ಲಿ ಇಟಲಿಯ ಜಿನೋವಾ ನಗರದ ಕುಲೀನ ಮನೆತನದಲ್ಲಿ ಹುಟ್ಟಿದನು. ಅಲ್ಲಿಯ ಕುಲೀನರೆಂದರೆ ಸ್ಪೇನಿನ ದೊರೆಗಳಿಗೆ ಸಾಲ ಕೊಡುತ್ತಿದ್ದ ಸಾಹುಕಾರರು. ತಮ್ಮ ಫೆಡೆರಿಕೊ ಆಗಲೇ ಫ್ಲಾಂಡರ್ಸಿನ ಕಡಲಲ್ಲಿ ಸ್ಪೇನಿನ ಪರವಾಗಿ ಡಚ್ಚರೊಡನೆ ಕಾದುತ್ತಿದ್ದನು. 1602ರಲ್ಲಿ ಅಣ್ಣನೂ ಸ್ವಂತ ಹಣದಿಂದ ಸುಮಾರು 9,000 ಮಂದಿಯನ್ನು ಕೂಡಿಸಿಕೊಂಡು ಅಲ್ಲಿಗೆ ನಡೆದನು. ಅದುವರೆಗೆ ಆತನು ಯುದ್ಧವನ್ನು ಕಂಡವನೇ ಅಲ್ಲ. ಮರುವರ್ಷ ತಮ್ಮನು ಕಡಲ ಕಾಳಗದಲ್ಲಿ ಮಡಿದನು.

1601ರಿಂದ ಮುತ್ತಿಗೆಗೆ ಬಗ್ಗದೆ ನಿಂತಿದ್ದ ಓಸ್ಟೆಂಡ್ ಬಂದರು ಈ ಹೊಸಬನ ಕೈಗೆ 1604ರಲ್ಲಿ ಬಿದ್ದಿತು. ದೊರೆತುದು ಊರಲ್ಲ, ಊರಿನ ಅವಶೇಷ. ಆದರೂ ಯುರೋಪಿನಲ್ಲೆಲ್ಲ ಅವನ ಹೆಸರು ಹಬ್ಬಿತು.

ಕೀರ್ತಿಯೇನೋ ಬಂದಿತು, ಹಣ ಬರಲಿಲ್ಲ. ಸಂಬಳ ಕಾಣದ ಸೈನಿಕರು ದಂಗೆಯೇಳುತ್ತಿದ್ದ ಕಾಲವದು. 1606ರಲ್ಲಿ ಆತನು ಸ್ಪೇನಿಗೆ ಹೋದಾಗ, ಯುದ್ಧದ ವೆಚ್ಚಕ್ಕೆ ಸಾಲ ಕೊಡಬೇಕಾದ ವರ್ತಕರು ಅವನ ಸ್ವಂತ ಆಸ್ತಿಯನ್ನೇ ಒತ್ತೆಯಾಗಿ ಕೇಳಿದರು. ಆತನು ಒಪ್ಪಿದನು. ಒಡೆಯನ ಸಾಲಕ್ಕೆ ಸೇವಕನು ಹೊಣೆ ನಿಲ್ಲುವ ಈ ವಿಚಿತ್ರವನ್ನು ರಾಜಭಕ್ತಿಯೆನ್ನಬೇಕೋ, ಮೊದಲು ಹಾಕಿದ ಬಂಡವಾಳವನ್ನು ಬಿಡಲಾರದ ಸಾಹುಕಾರನ ಸಂಕಟವೆನ್ನಬೇಕೋ! ಎರಡೂ ಇದ್ದಿರಬೇಕೆಂದು ನನ್ನ ಊಹೆ. ಯುದ್ಧದ ಬೆಲೆಯನ್ನು ಲೆಕ್ಕಪುಸ್ತಕದಲ್ಲಿ ಕಂಡವನಾದುದರಿಂದಲೇ ಏನೋ, 1609ರ ಹನ್ನೆರಡು ವರ್ಷಗಳ ಕದನವಿರಾಮಕ್ಕೆ ಆತನು ಮನಸ್ಸಿಟ್ಟು ದುಡಿದನು.

ವಿರಾಮ ಮುಗಿದ ಮೇಲೆ, 1624ರ ಆಗಸ್ಟಿನಲ್ಲಿ ಬ್ರೇಡಾ ಕೋಟೆಯನ್ನು ಮುತ್ತಿದನು. ಗೋಡೆ ಒಡೆಯಲು ಹೋಗಲಿಲ್ಲ. ದಾರಿಗಳನ್ನು ಕಟ್ಟಿ, ಹಸಿವು ತನ್ನ ಕೆಲಸ ಮಾಡಲೆಂದು ಕಾದನು. 1625ರ ಜೂನಿನಲ್ಲಿ ನಾಸೌವಿನ ಜಸ್ಟಿನ್ ಶರಣಾದನು. ಸೋತ ಪಡೆಯನ್ನು ಸಕಲ ಸೈನಿಕ ಮರ್ಯಾದೆಗಳೊಡನೆ ಹೊರಗೆ ಬಿಟ್ಟದ್ದು ಚಿತ್ರಕಾರನ ಕಲ್ಪನೆಯಲ್ಲ, ನಡೆದ ಸಂಗತಿ.

1628ರಲ್ಲಿ ಆತನು ಮ್ಯಾಡ್ರಿಡಿಗೆ ಬಂದು, ಡಚ್ಚರೊಡನೆ ಸಂಧಿಯಾಗಲೆಂದು ವಾದಿಸಿದನು. ದೊರೆಯ ಮಂತ್ರಿ ಒಲಿವಾರೆಸನಿಗೆ ಅದು ಹಿಡಿಸಲಿಲ್ಲ. ಮರುವರ್ಷ ಇಟಲಿಯ ಯುದ್ಧಕ್ಕೆ ಕಳುಹಿಸಿದರು. ಬಾರ್ಸಿಲೋನದಿಂದ ಹೊರಟ ಆ ಪಯಣದಲ್ಲಿ, ಇಟಲಿಯ ಕಲೆಯನ್ನು ನೋಡಹೊರಟ ತರುಣ ವೆಲಾಸ್ಕೆಸನೂ ಜೊತೆಗಿದ್ದನು. ಕಸಾಲೆಯ ಕೋಟೆಯ ಮುಂದೆ ಸ್ಪಿನೋಲನ ಸಂಧಾನದ ಅಧಿಕಾರವನ್ನು ಅರಮನೆಯವರು ಕಿತ್ತುಕೊಂಡರು. ಸಂಪತ್ತು ಸೇವೆಯಲ್ಲಿ ಕರಗಿತ್ತು. ಮಾನವೂ ಹೋಯಿತೆಂದು ಕೊರಗುತ್ತ, 1630ರ ಸೆಪ್ಟೆಂಬರ್ 25ರಂದು ಕಣ್ಣುಮುಚ್ಚಿದನು.

ಚಿತ್ರವು ಪೂರ್ಣವಾದುದು 1635ರ ಸುಮಾರಿಗೆ, ಅದೇ ಒಲಿವಾರೆಸನು ದೊರೆಗಾಗಿ ಕಟ್ಟಿಸಿದ ಹೊಸ ಅರಮನೆಯ ಸಭಾಂಗಣಕ್ಕೆಂದು. ಎರಡು ವರ್ಷಗಳಲ್ಲಿ ಡಚ್ಚರು ಬ್ರೇಡಾವನ್ನು ಮರಳಿ ಗೆದ್ದುಕೊಂಡರು. ಪಟ ಮಾತ್ರ ಸ್ಪೇನಿನಲ್ಲಿಯೇ ಉಳಿದು, ಈಗ ಮ್ಯಾಡ್ರಿಡಿನ ಪ್ರಾಡೊ ಸಂಗ್ರಹಾಲಯದಲ್ಲಿದೆ. ಅದರಲ್ಲಿರುವ ದಣಿದ, ಸೌಮ್ಯವಾದ ಮುಖವು ಬ್ರೇಡಾದ್ದಲ್ಲ, ಆ ಕಡಲ ಪಯಣದಲ್ಲಿ ಕಂಡದ್ದೇ ಇರಬೇಕೆಂದು ನನಗನ್ನಿಸುತ್ತದೆ.