ಪ್ಲಾಸ್ಟಿಕ್ ತಣಿಯುವ ಬಗೆ

ಕಾಸಿದ ತುಪ್ಪವನ್ನು ಅಡುಗೆಮನೆಯಲ್ಲಿ ತಾನಾಗಿ ಆರಲು ಬಿಟ್ಟರೆ ಮರುದಿನ ಅದು ಮರಳುಮರಳಾಗಿರುತ್ತದೆ. ಅದನ್ನೇ ಫ್ರಿಜ್ಜಿನಲ್ಲಿಟ್ಟು ಬೇಗ ತಣಿಸಿದರೆ ನುಣುಪಾಗಿ ಗಟ್ಟಿಯಾಗುತ್ತದೆ. ಪದಾರ್ಥ ಒಂದೇ, ತಣಿದ ವೇಗ ಮಾತ್ರ ಬೇರೆ. ನಮ್ಮ ಗೃಹಿಣಿಯರೆಲ್ಲ ಬಲ್ಲ ಈ ಸಂಗತಿ ಪ್ಲಾಸ್ಟಿಕ್ಕಿಗೂ ಅನ್ವಯಿಸುತ್ತದೆ.

ನಮ್ಮ ಈ ಪರಿಸರಕ್ಕೂ ಪ್ಲಾಸ್ಟಿಕ್ಕಿಗೂ ಹಳೆಯ ನಂಟು. 1968ರಲ್ಲಿ ಠಾಣೆ-ಬೇಲಾಪುರ ರಸ್ತೆಯಲ್ಲಿ ನೋಸಿಲ್ ಸಂಸ್ಥೆಯು ನ್ಯಾಫ್ತಾದಿಂದ ಎಥಿಲೀನ್ ತೆಗೆಯುವ ಸ್ಥಾವರವನ್ನು ಆರಂಭಿಸಿತು. ನೆರೆಯ ಪಾಲಿಯೋಲೆಫಿನ್ಸ್ ಇಂಡಸ್ಟ್ರೀಸ್ ಆ ಅನಿಲದಿಂದ ಪಾಲಿಎಥಿಲೀನ್ ತಯಾರಿಸುತ್ತಿತ್ತು. ಎಥಿಲೀನಿನ ಆ ಸ್ಥಾವರ ಈಗ ಇತಿಹಾಸಕ್ಕೆ ಸೇರಿದೆ.

ಪಾಲಿಮರಿನ ಅಣುವೆಂದರೆ ಸಾವಿರಾರು ಕೊಂಡಿಗಳ ಉದ್ದನೆಯ ಸರಪಳಿ. ಕರಗಿದಾಗ ಈ ಸರಪಳಿಗಳು ಬಟ್ಟಲೊಳಗಿನ ಶಾವಿಗೆಯಂತೆ ಸಿಕ್ಕುಸಿಕ್ಕಾಗಿರುತ್ತವೆ. ನಿಧಾನವಾಗಿ ತಣಿಸಿದರೆ ಅವಕ್ಕೆ ಮಡಿಚಿಕೊಂಡು ಸಾಲಾಗಿ ಜೋಡಣೆಗೊಳ್ಳಲು ಕಾಲಾವಕಾಶ ದೊರೆಯುತ್ತದೆ. ಸ್ಫಟಿಕಭಾಗ ಹೆಚ್ಚುತ್ತದೆ, ಕಾಠಿಣ್ಯವೂ ಹೆಚ್ಚುತ್ತದೆ. ಆದರೆ ಹರಳುಗಳು ಬಹಳ ದೊಡ್ಡವಾದರೆ ವಸ್ತು ಪೆಟ್ಟು ತಾಳದೆ ಬಿರಿಯುವ ಸಂಭವವೂ ಉಂಟು. ಥಟ್ಟನೆ ತಣಿಸಿದರೆ ಸಿಕ್ಕು ಸಿಕ್ಕಾಗಿಯೇ ಉಳಿಯುತ್ತದೆ; ವಸ್ತು ತುಸು ಮೆದು, ಆದರೆ ಬಾಗಿ ಬಳುಕಬಲ್ಲದು. ಗಟ್ಟಿಯಾದುದೇ ಉತ್ತಮವೆಂಬ ನಮ್ಮ ಸಾಮಾನ್ಯ ಗ್ರಹಿಕೆ ಇಲ್ಲಿ ಪೂರ್ತಿ ನಿಲ್ಲದು.

ಡಬ್ಬಿ, ಬಕೆಟ್ಟುಗಳ ಮೋಲ್ಡಿಂಗಿನಲ್ಲಿ ಹೆಚ್ಚಿನ ಸಮಯ ವ್ಯಯವಾಗುವುದು ಅಚ್ಚಿನೊಳಗೆ ತಣಿಯುವುದಕ್ಕೇ. ಅವಸರಪಟ್ಟು ಹೊರತೆಗೆದರೆ ಹೊರಮೈ ಗಟ್ಟಿಯಾಗಿದ್ದರೂ ಒಳಭಾಗ ಬಿಸಿಯಾಗಿಯೇ ಇರುತ್ತದೆ. ಅದು ಆಮೇಲೆ ಹರಳುಗಟ್ಟಿ ಕುಗ್ಗುವಾಗ ಹೊರಮೈಯನ್ನು ಎಳೆಯುತ್ತದೆ. ಮುಚ್ಚಳ ಸರಿಯಾಗಿ ಕೂರದ ಸೊಟ್ಟ ಡಬ್ಬಿಗಳಿಗೆ ಇದೂ ಒಂದು ಕಾರಣ.

ಪಾಲಿಎಥಿಲೀನ್ ಎಷ್ಟು ಬೇಗ ತಣಿಸಿದರೂ ಒಂದಷ್ಟು ಹರಳುಗಟ್ಟಿಯೇ ತೀರುತ್ತದೆ. ನೀರಿನ ಬಾಟಲಿಯ ‘ಪೆಟ್’ ಹಾಗಲ್ಲ, ಅದು ಸಾವಧಾನಿ. ಸುಮಾರು 260 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಅದನ್ನು ತಣ್ಣನೆಯ ಅಚ್ಚಿಗೆ ನೂಕಿದರೆ ಹರಳುಗಟ್ಟಲು ಬಿಡುವಿಲ್ಲದೆ ಗಾಜಿನಂತೆ ಪಾರದರ್ಶಕವಾಗಿ ಉಳಿಯುತ್ತದೆ. ನಿಧಾನವಾಗಿ ತಣಿಸಿದರೆ ಹಾಲಿನಂತೆ ಬೆಳ್ಳಗಾಗುತ್ತದೆ. ಹೀಗೆ ದೊರೆತ ಪಾರದರ್ಶಕ ಕೊಳವೆಯನ್ನು ಮತ್ತೆ ಬಿಸಿಮಾಡಿ, ಊದಿ ಹಿಗ್ಗಿಸಿ ಬಾಟಲಿ ಮಾಡುತ್ತಾರೆ.

ಆರೋಗ್ಯದ ಪ್ರಶ್ನೆ ಬರುವುದು ಇಲ್ಲಿಯೇ. ಡೊಂಬಿವಲಿ, ಕಲ್ಯಾಣಗಳಿಂದ ಲೋಕಲ್ ಹಿಡಿದು ಹೊರಡುವ ನಮ್ಮಲ್ಲಿ ಹಲವರು ಖಾಲಿ ಬಾಟಲಿಗೆ ಬಿಸಿನೀರನ್ನೋ ಕಷಾಯವನ್ನೋ ತುಂಬಿಕೊಳ್ಳುವುದುಂಟು. ಸುಮಾರು 75 ಡಿಗ್ರಿ ದಾಟಿತೆಂದರೆ ಹರಳುಗಟ್ಟದ ಭಾಗದ ಸರಪಳಿಗಳು ಸಡಿಲಗೊಂಡು, ಹಿಗ್ಗಿಸಿದ್ದ ಬಾಟಲಿ ಮುದುಡುತ್ತದೆ. ಪೆಟ್ ತಯಾರಿಕೆಯಲ್ಲಿ ವೇಗವರ್ಧಕವಾಗಿ ಸಾಮಾನ್ಯವಾಗಿ ಬಳಸುವ ಆಂಟಿಮನಿಯ ಅಂಶವೂ ಬಿಸಿ ಏರಿದಷ್ಟೂ ನೀರಿಗೆ ಹೆಚ್ಚಾಗಿ ಇಳಿಯುತ್ತದೆ. ಬಿಸಿಯಾದುದನ್ನು ಒಯ್ಯಲು ಸ್ಟೀಲಿನ ಫ್ಲಾಸ್ಕ್ ಇದೆ. ಪೆಟ್ ಬಾಟಲಿ ತಣ್ಣೀರಿಗಷ್ಟೇ ಇರಲಿ.